ಕಟ್ಟಡ ಪರವಾನಗಿ: ಕಡಲತೀರದ ನಗರಗಳಿಗೂ ಒಳನಾಡಿನ ನಗರಗಳಿಗೂ ನಿಯಮಗಳಲ್ಲಿರುವ ವ್ಯತ್ಯಾಸ

ಕರಾವಳಿಯ ಮೂರು ಜಿಲ್ಲೆಗಳಾದ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡದಲ್ಲಿ ಮನೆ ನಿರ್ಮಾಣ ಪರವಾನಗಿ ಕೋರಿ ಸಲ್ಲಿಕೆಯಾಗುವ ಅರ್ಜಿಗಳ ಪೈಕಿ ಕೆಲವು, ಪಹಣಿ, ಭೂಪರಿವರ್ತನೆ ಆದೇಶ, ಖಾತೆ, ತೆರಿಗೆ ರಸೀದಿ ಎಲ್ಲವೂ ಕ್ರಮಬದ್ಧವಾಗಿದ್ದಾಗ್ಯೂ ತಿರಸ್ಕೃತವಾಗುವುದುಂಟು. ನಿವೇಶನವು ಕರಾವಳಿ ನಿಯಂತ್ರಣ ವಲಯದೊಳಗೆ ಬರುತ್ತದೆ ಎಂಬುದೇ ಇದಕ್ಕೆ ಕಾರಣವಾಗಿರುತ್ತದೆ. ಸದರಿ ಸಂಗತಿಯು ಸಾಮಾನ್ಯವಾಗಿ ಪಹಣಿಯಲ್ಲಾಗಲೀ ಕ್ರಯಪತ್ರದಲ್ಲಾಗಲೀ ನಮೂದಾಗಿರುವುದಿಲ್ಲ. ನಿವೇಶನಕ್ಕೆ ಹಣ ತೆತ್ತ ಬಳಿಕ ಇದು ತಿಳಿದುಬಂದಲ್ಲಿ ಅರ್ಜಿದಾರರಿಗೆ ಆಗುವ ನಷ್ಟವನ್ನು ಯಾವ ಕಛೇರಿಯೂ ತುಂಬಿಕೊಡಲಾರದು.

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮುಂತಾದ ಒಳನಾಡಿನ ನಗರಗಳಿಂದ ಬಂದು ಕರಾವಳಿಯಲ್ಲಿ ನಿವೇಶನ ಖರೀದಿಸುವವರು ತಮ್ಮ ಊರಿನ ನಿಯಮಗಳೇ ಇಲ್ಲಿಯೂ ಅನ್ವಯವಾಗುತ್ತವೆ ಎಂದು ಭಾವಿಸುವುದು ಸಹಜ. ಕರಾವಳಿಯಲ್ಲಿಯೇ ಹುಟ್ಟಿ ಬೆಳೆದವರೂ ಸಮುದ್ರದಿಂದ ದೂರವಿರುವ ತಮ್ಮ ಜಮೀನಿಗೆ ಈ ನಿಯಮಗಳು ತಟ್ಟುವುದಿಲ್ಲವೆಂದು ಭಾವಿಸಿರುತ್ತಾರೆ. ಎರಡೂ ಭಾವನೆಗಳು ಸರಿಯಲ್ಲ. ಸಾರ್ವಜನಿಕರ ಮಾಹಿತಿಗಾಗಿ ಎರಡೂ ಬಗೆಯ ನಗರಗಳ ನಿಯಮಗಳನ್ನು ಇಲ್ಲಿ ಹೋಲಿಸಿ ವಿವರಿಸಲಾಗಿದೆ.

ನಿಯಮಗಳ ಮೂಲ

ಒಳನಾಡಿನ ನಗರದಲ್ಲಿ ಎಲ್ಲಿ, ಎಷ್ಟು, ಹೇಗೆ ಕಟ್ಟಬಹುದೆಂಬುದನ್ನು ಮುಖ್ಯವಾಗಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರಡಿ ಅನುಮೋದಿತವಾದ ಆಯಾ ನಗರದ ಮಹಾ ಯೋಜನೆಯೂ ಅದರ ವಲಯ ನಿಯಮಾವಳಿಯೂ ನಿರ್ಧರಿಸುತ್ತವೆ. ಇವು ರಾಜ್ಯ ಸರ್ಕಾರದ ಅಧಿಕಾರದೊಳಗಿನ ವಿಷಯ. ನಿಗದಿತ ವಿಧಾನವನ್ನು ಅನುಸರಿಸಿ ಭೂ ಉಪಯೋಗವನ್ನು ಬದಲಾಯಿಸಲು ಅವಕಾಶವುಂಟು. ಒಂದು ನಗರದಲ್ಲಿರುವ ಸೆಟ್‌ಬ್ಯಾಕ್ ಅಥವಾ ನೆಲವಿಸ್ತೀರ್ಣ ಅನುಪಾತವು ಇನ್ನೊಂದು ನಗರದಲ್ಲಿ ಇರಬೇಕೆಂದಿಲ್ಲ.

ಕಡಲತೀರದ ನಗರದಲ್ಲಿಯೂ ಈ ಮಹಾ ಯೋಜನೆ ಇದ್ದೇ ಇರುತ್ತದೆ. ಅದರ ಮೇಲೆ ಕೇಂದ್ರ ಸರ್ಕಾರದ ಇನ್ನೊಂದು ಕಟ್ಟಳೆ ಕೂಡಿಕೊಳ್ಳುತ್ತದೆ. ಪರಿಸರ (ಸಂರಕ್ಷಣೆ) ಅಧಿನಿಯಮ, 1986ರಡಿ ದಿನಾಂಕ 19-02-1991ರಂದು ಮೊದಲ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಹೊರಬಿದ್ದಿತು. ಅದರ ಬದಲಿಗೆ ದಿನಾಂಕ 06-01-2011ರ ಅಧಿಸೂಚನೆಯೂ, ಅದರ ಬದಲಿಗೆ ದಿನಾಂಕ 18-01-2019ರ ಅಧಿಸೂಚನೆಯೂ ಬಂದವು. 2019ರ ಅಧಿಸೂಚನೆಯು ಹೊರಬಿದ್ದ ಕೂಡಲೇ ಎಲ್ಲೆಡೆ ಜಾರಿಗೆ ಬರಲಿಲ್ಲ. ಅದಕ್ಕೆ ಅನುಗುಣವಾಗಿ ಪರಿಷ್ಕೃತ ಕರಾವಳಿ ವಲಯ ನಿರ್ವಹಣಾ ಯೋಜನೆ ಸಿದ್ಧವಾಗಿ ಅನುಮೋದನೆಗೊಳ್ಳುವವರೆಗೂ 2011ರ ನಿಯಮಗಳೇ ಮುಂದುವರಿದವು. ಕರ್ನಾಟಕದ ಯೋಜನೆಗೆ 2022ರಲ್ಲಿ ಕೇಂದ್ರದ ಅನುಮೋದನೆ ದೊರೆಯಿತು. ಈ ಕಾರಣದಿಂದ, ಹಳೆಯ ಹಿಂಬರಹವೊಂದನ್ನು ಹಿಡಿದುಕೊಂಡು ಬರುವ ಅರ್ಜಿದಾರರು ಅದು ಯಾವ ಅಧಿಸೂಚನೆಯ ಅನ್ವಯ ನೀಡಿದ್ದೆಂಬುದನ್ನು ಮೊದಲು ನೋಡಿಕೊಳ್ಳುವುದು ಒಳಿತು.

ಮಹಾ ಯೋಜನೆಯಲ್ಲಿ ವಸತಿ ಬಣ್ಣದಲ್ಲಿರುವ ಜಾಗವು ಸಿ.ಆರ್.ಝಡ್. ನಕ್ಷೆಯಲ್ಲಿ ನಿಷೇಧಿತ ವಲಯದಲ್ಲಿರಬಹುದು. ಅಂತಹ ಸಂದರ್ಭದಲ್ಲಿ ಸಿ.ಆರ್.ಝಡ್. ನಿಯಮವೇ ಮೇಲಾಗುತ್ತದೆ. ಸಿ.ಆರ್.ಝಡ್. ವರ್ಗವನ್ನು ಗ್ರಾಮ ಪಂಚಾಯಿತಿಯಾಗಲೀ, ನಗರಸಭೆಯಾಗಲೀ, ನಗರಾಭಿವೃದ್ಧಿ ಪ್ರಾಧಿಕಾರವಾಗಲೀ ಬದಲಾಯಿಸುವಂತಿಲ್ಲ. ಭೂಪರಿವರ್ತನೆ ಆದೇಶದಿಂದಲೂ ಅದು ಬದಲಾಗುವುದಿಲ್ಲ. ಜಮೀನು ಕೃಷಿಯಿಂದ ಕೃಷಿಯೇತರಕ್ಕೆ ಪರಿವರ್ತನೆಯಾಗಿದೆ ಎಂಬುದಕ್ಕೂ ಅಲ್ಲಿ ಮನೆ ಕಟ್ಟಬಹುದು ಎಂಬುದಕ್ಕೂ ನಡುವಿನ ಈ ಅಂತರವನ್ನು ದಲ್ಲಾಳಿಗಳು ಹೇಳುವುದು ಅಪರೂಪ.

ರೇಖೆಯನ್ನು ಎಲ್ಲಿಂದ ಅಳೆಯಲಾಗುತ್ತದೆ

ಒಳನಾಡಿನಲ್ಲಿ ನೀರಿನ ಅಂಚನ್ನು ಹೇಳುವುದು ಕಂದಾಯ ದಾಖಲೆ. ಬೆಂಗಳೂರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾ ಯೋಜನೆ-2015ರಲ್ಲಿ ಕಂದಾಯ ದಾಖಲೆಯ ಕೆರೆ ಗಡಿಯಿಂದ 30 ಮೀಟರ್, ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್, ದ್ವಿತೀಯ ಕಾಲುವೆಗೆ 25 ಮೀಟರ್, ತೃತೀಯ ಕಾಲುವೆಗೆ 15 ಮೀಟರ್ ಬಫರ್ ನಿಗದಿಪಡಿಸಲಾಯಿತು. ಕಾಲುವೆಯ ಅಂತರವನ್ನು ಅದರ ಮಧ್ಯಭಾಗದಿಂದ ಎರಡೂ ಬದಿಗೆ ಅಳೆಯಬೇಕಾಗಿತ್ತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ದಿನಾಂಕ 04-05-2016ರ ತೀರ್ಪಿನಲ್ಲಿ ಕೆರೆಗೆ 75 ಮೀಟರ್ ಹಾಗೂ ಕಾಲುವೆಗಳಿಗೆ ಅಂಚಿನಿಂದ 50, 35 ಮತ್ತು 25 ಮೀಟರ್ ಎಂದು ಹೆಚ್ಚಿಸಿತು. ದಿನಾಂಕ 05-03-2019ರಂದು ಸರ್ವೋಚ್ಚ ನ್ಯಾಯಾಲಯವು, ಮಹಾ ಯೋಜನೆಯಲ್ಲಿರುವ ಅಂತರವನ್ನು ಈ ರೀತಿ ಬದಲಾಯಿಸುವಂತಿಲ್ಲವೆಂದು ಆ ನಿರ್ದೇಶನವನ್ನು ರದ್ದುಪಡಿಸಿತು. ಹೀಗಾಗಿ 2016ರಿಂದ 2019ರ ನಡುವೆ ನಕ್ಷೆ ಮಂಜೂರಾತಿ ಕೋರಿದವರಿಗೆ ಒಂದು ಅಳತೆ, ಅದಕ್ಕೆ ಹಿಂದಿನವರಿಗೂ ಮುಂದಿನವರಿಗೂ ಇನ್ನೊಂದು ಅಳತೆ ಎಂಬಂತಾಯಿತು.

ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 2014ರಲ್ಲಿಯೂ 30 ಮೀಟರ್ ಅಂತರವನ್ನೇ ನಿಗದಿಗೊಳಿಸಲಾಗಿತ್ತು. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಈ ಅಂತರವನ್ನು ಬೇರೆ ಬೇರೆಯಾಗಿ ನಿಗದಿಪಡಿಸುವ ತಿದ್ದುಪಡಿ ವಿಧೇಯಕವನ್ನು 2025ರ ಆಗಸ್ಟ್ ತಿಂಗಳಿನಲ್ಲಿ ವಿಧಾನಮಂಡಲವು ಅಂಗೀಕರಿಸಿದೆ. ಕೆರೆಯ ಸಮೀಪದ ನಿವೇಶನದವರು ಅರ್ಜಿ ಸಲ್ಲಿಸುವ ದಿನಾಂಕದಂದು ಜಾರಿಯಲ್ಲಿರುವ ಅಂತರವನ್ನು ಯೋಜನಾ ಪ್ರಾಧಿಕಾರದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಒಳನಾಡಿನ ಈ ಅಂತರಗಳು ಬದಲಾದರೂ ಅವುಗಳ ಆಧಾರ ಬದಲಾಗುವುದಿಲ್ಲ. ಕೆರೆ ಬತ್ತಿರಲಿ, ಕಾಲುವೆಯ ಮೇಲೆ ಚಪ್ಪಡಿ ಹಾಸಿರಲಿ, ಗ್ರಾಮ ನಕ್ಷೆಯಲ್ಲಿ ಗೆರೆ ಇದ್ದರೆ ಕಾಲುವೆ ಇದೆ ಎಂದೇ ಅರ್ಥ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹದೇವಪುರ ಭಾಗವು ಜಲಾವೃತವಾದ ನಂತರ ನಡೆದ ತೆರವು ಕಾರ್ಯಾಚರಣೆಯಲ್ಲಿ ಅಧಿಕಾರಿಗಳು ಕೈಯಲ್ಲಿ ಹಿಡಿದದ್ದು ಇದೇ ಹಳೆಯ ಗ್ರಾಮ ನಕ್ಷೆಗಳನ್ನು. ಖರೀದಿದಾರನು ಮನಸ್ಸು ಮಾಡಿದಲ್ಲಿ ಈ ನಕ್ಷೆಯ ಪ್ರತಿಯನ್ನು ಭೂಮಾಪನ ಇಲಾಖೆಯಿಂದ ಪಡೆದು ಖುದ್ದು ನೋಡಬಹುದು.

ಕಡಲತೀರದಲ್ಲಿ ಗ್ರಾಮ ನಕ್ಷೆಯಷ್ಟೇ ಸಾಲದು. ಅಲ್ಲಿ ಅಳತೆಯು ಉಬ್ಬರ ರೇಖೆಯಿಂದ ಪ್ರಾರಂಭವಾಗುತ್ತದೆ. ಉಬ್ಬರದ ಕಾಲದಲ್ಲಿ ನೀರು ನೆಲದ ಮೇಲೆ ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ತಜ್ಞ ಸಂಸ್ಥೆಯು ಗುರುತಿಸಿ ನಕ್ಷೆಯಲ್ಲಿ ಎಳೆದ ರೇಖೆ ಇದು. ಕರ್ನಾಟಕದ ಯೋಜನೆಯನ್ನು ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರವು ಸಿದ್ಧಪಡಿಸಿದೆ. ನಿವೇಶನ ನೋಡಲು ಹೋದ ದಿನ ಅಲೆಗಳು ಎಲ್ಲಿದ್ದವೋ ಅಲ್ಲಿಂದ ಹೆಜ್ಜೆ ಹಾಕಿ ಅಳೆಯುವುದು ಉಪಯೋಗವಿಲ್ಲದ ಕೆಲಸ. ಇಳಿತದ ಸಮಯದಲ್ಲಿ ಅಳೆದರಂತೂ ಲೆಕ್ಕ ಪೂರ್ತಿ ತಪ್ಪುತ್ತದೆ. ಉಳ್ಳಾಲ, ಸೋಮೇಶ್ವರಗಳಂತಹ ಕಡಲ್ಕೊರೆತದ ಪ್ರದೇಶಗಳಲ್ಲಿ ದಡವೇ ವರ್ಷದಿಂದ ವರ್ಷಕ್ಕೆ ಸರಿಯುತ್ತಿರುವುದರಿಂದ, ಹಿರಿಯರ ಕಾಲದ ಕ್ರಯಪತ್ರದಲ್ಲಿ ಬರೆದ ಚಕ್ಕುಬಂದಿಯನ್ನು ನಂಬಿ ಅಂತರ ಹೇಳುವುದೂ ಕಷ್ಟ.

ಸಮುದ್ರ ಕಾಣದ ಜಾಗದಲ್ಲಿಯೂ ಸಿ.ಆರ್.ಝಡ್.

ಅರ್ಜಿದಾರರಲ್ಲಿ ಹೆಚ್ಚಿನ ತಪ್ಪು ತಿಳುವಳಿಕೆ ಇರುವುದು ಈ ವಿಷಯದಲ್ಲಿ. ಸಮುದ್ರದ ಮುಂಭಾಗದಲ್ಲಿ ಉಬ್ಬರ ರೇಖೆಯಿಂದ ಭೂಮಿಯ ಕಡೆಗೆ 500 ಮೀಟರ್‌ವರೆಗೆ ಸಿ.ಆರ್.ಝಡ್. ಇರುತ್ತದೆ ಎಂಬುದು ಬಹುತೇಕರಿಗೆ ಗೊತ್ತು. ಸಮುದ್ರದ ಉಬ್ಬರವಿಳಿತಕ್ಕೆ ಒಳಪಡುವ ನದಿ, ಹೊಳೆ, ಅಳಿವೆ ಮತ್ತು ಹಿನ್ನೀರಿನ ದಂಡೆಗಳಲ್ಲಿಯೂ ಅದು ಇರುತ್ತದೆ ಎಂಬುದು ಬಹುತೇಕರಿಗೆ ಗೊತ್ತಿಲ್ಲ. ಅಲ್ಲಿ ಅದರ ಅಗಲವು ಉಬ್ಬರ ರೇಖೆಯಿಂದ 50 ಮೀಟರ್ ಅಥವಾ ಆ ಜಲಮೂಲದ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಹೊಳೆಯು 30 ಮೀಟರ್ ಅಗಲವಿದ್ದಲ್ಲಿ ವಲಯವೂ 30 ಮೀಟರ್. 2011ರ ಅಧಿಸೂಚನೆಯಲ್ಲಿ 50ರ ಜಾಗದಲ್ಲಿ 100 ಮೀಟರ್ ಇತ್ತು.

ಉಬ್ಬರವು ಒಳನಾಡಿನ ಕಡೆಗೆ ಎಲ್ಲಿಯವರೆಗೆ ತಲುಪುತ್ತದೆ ಎಂಬುದನ್ನು ನೀರಿನ ಉಪ್ಪಿನ ಪ್ರಮಾಣದಿಂದ ನಿರ್ಧರಿಸಲಾಗುತ್ತದೆ. ವರ್ಷದ ಅತ್ಯಂತ ಒಣ ಕಾಲದಲ್ಲಿ ಅಳೆದಾಗ ನೀರಿನ ಸಾವಿರ ಭಾಗದಲ್ಲಿ 5 ಭಾಗ ಲವಣವಿರುವ ಜಾಗವೇ ಗಡಿ. ಒಣ ಕಾಲವೆಂಬ ಮಾತು ಇಲ್ಲಿ ಮುಖ್ಯ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ, ಶರಾವತಿ, ಕಾಳಿ ನದಿಗಳು ಕೆಂಪಗೆ ತುಂಬಿ ಹರಿಯುವಾಗ ಉಪ್ಪು ನೀರನ್ನು ಸಮುದ್ರದತ್ತ ತಳ್ಳುತ್ತವೆ. ಏಪ್ರಿಲ್, ಮೇ ತಿಂಗಳಿನಲ್ಲಿ ಹರಿವು ಬಡವಾದಾಗ ಅದೇ ಉಪ್ಪು ನೀರು ನದಿಯೊಳಗೆ ಬಹು ದೂರ ಏರುತ್ತದೆ. ಮನೆಯ ಬಾವಿ ಬೇಸಿಗೆಯಲ್ಲಿ ಸವುಳಾಗುವ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೀಗಾಗಿ ಕಡಲಿನಿಂದ ಹಲವು ಕಿಲೋಮೀಟರ್ ಒಳಗೆ, ತೆಂಗಿನ ತೋಟದ ನಡುವೆ, ನದಿ ದಂಡೆಯಿಂದ 40 ಮೀಟರ್ ದೂರದಲ್ಲಿರುವ ನಿವೇಶನವು ಸಿ.ಆರ್.ಝಡ್. ವ್ಯಾಪ್ತಿಗೆ ಬರಬಹುದು. ಕಡಲಿನ ಸದ್ದು ಕೇಳಿಸುವ, ಆದರೆ ಉಬ್ಬರ ರೇಖೆಯಿಂದ 600 ಮೀಟರ್ ದೂರದಲ್ಲಿರುವ, ಬಳಿಯಲ್ಲಿ ಯಾವ ಹೊಳೆಯೂ ಇಲ್ಲದ ನಿವೇಶನವು ಹೊರಗುಳಿಯಬಹುದು.

ಕುಮಟಾ ತಾಲ್ಲೂಕಿನ ಅಘನಾಶಿನಿ ದಂಡೆಯ ಗಜನಿ ಭೂಮಿಯವರಿಗೆ ಒಂದು ವಿಶೇಷ ಅಂಶವನ್ನು ತಿಳಿಸಬೇಕಾಗಿದೆ. ದಿನಾಂಕ 19-02-1991ಕ್ಕಿಂತ ಮೊದಲೇ ನಿರ್ಮಿಸಿದ ಒಡ್ಡು ಅಥವಾ ನೀರು ತಡೆಯುವ ಗೇಟು ಇದ್ದಲ್ಲಿ ಉಬ್ಬರ ರೇಖೆಯನ್ನು ಆ ಒಡ್ಡಿನ ಉದ್ದಕ್ಕೆ ನಿಲ್ಲಿಸಲಾಗುತ್ತದೆ. ಆದರೆ ಒಡ್ಡಿನ ಒಳಗೆ ಕಾಂಡ್ಲಾ ಗಿಡಗಳು ಬೆಳೆದಿದ್ದಲ್ಲಿ ಆ ಜಾಗಕ್ಕೆ ರಕ್ಷಣೆ ಮುಂದುವರಿಯುತ್ತದೆ. ಒಡ್ಡು 1991ಕ್ಕೆ ಹಿಂದಿನದೆಂದು ತೋರಿಸುವ ದಾಖಲೆಯನ್ನು ರೈತರು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು. ಅಘನಾಶಿನಿ ಅಳಿವೆಯು 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ.

ಉಡುಪಿ ನಗರಸಭೆಯ ವ್ಯಾಪ್ತಿಯನ್ನು ನೋಡಿದರೆ ಒಂದೇ ಊರಿನಲ್ಲಿ ಎರಡೂ ಬಗೆಯ ನಗರಗಳನ್ನು ಕಾಣಬಹುದು. ಪಶ್ಚಿಮದ ಮಲ್ಪೆಯಲ್ಲಿ ಮೀನುಗಾರಿಕಾ ಬಂದರು, ಕಡಲತೀರ ಮತ್ತು ಅಳಿವೆ ಇದ್ದು ಸಿ.ಆರ್.ಝಡ್. ನಕ್ಷೆಯಿಲ್ಲದೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಪೂರ್ವದ ಮಣಿಪಾಲವು ಮುರಕಲ್ಲಿನ ಗುಡ್ಡದ ಮೇಲಿದೆ. ಅಲ್ಲಿನ ಮಣ್ಣಪಳ್ಳ ಕೆರೆಯ ಬದಿಯವರು ನೋಡಬೇಕಾದದ್ದು ಬೆಂಗಳೂರಿನವರಂತೆ ಕೆರೆಯ ಗಡಿಯನ್ನು. ಅರ್ಜಿ ಸ್ವೀಕರಿಸುವ ನಗರಸಭೆ ಒಂದೇ ಆದರೂ ಪರಿಶೀಲನೆಯ ದಾರಿ ಬೇರೆ.

ಜೌಗು ಪ್ರದೇಶ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು, 2017ರ ವ್ಯಾಪ್ತಿಯಿಂದ ಸಿ.ಆರ್.ಝಡ್. ಪ್ರದೇಶಗಳನ್ನು ಹೊರಗಿಡಲಾಗಿದೆ ಎಂಬುದನ್ನೂ ಗಮನಿಸಬಹುದು.

ವರ್ಗಗಳು: ಯಾವುದರಲ್ಲಿ ಏನು ಸಾಧ್ಯ

ನಿವೇಶನವು ಸಿ.ಆರ್.ಝಡ್.ನೊಳಗೆ ಇದೆ ಎಂದ ಮಾತ್ರಕ್ಕೆ ಏನನ್ನೂ ಕಟ್ಟುವಂತಿಲ್ಲ ಎಂದರ್ಥವಲ್ಲ. ಕಾಂಡ್ಲಾ ವನ, ಮರಳು ದಿಬ್ಬ, ಕಡಲಾಮೆಗಳು ಮೊಟ್ಟೆಯಿಡುವ ತಾಣ ಮುಂತಾದವು ಮೊದಲನೆಯ ವರ್ಗದಲ್ಲಿದ್ದು ಅಲ್ಲಿ ಮನೆ ನಿರ್ಮಾಣದ ಪ್ರಶ್ನೆಯೇ ಬರುವುದಿಲ್ಲ. ಕಾಂಡ್ಲಾ ವನವು 1,000 ಚದರ ಮೀಟರಿಗಿಂತ ಹೆಚ್ಚಿದ್ದಲ್ಲಿ ಅದರ ಸುತ್ತ 50 ಮೀಟರ್ ಬಫರ್ ಕೂಡ ಇದೇ ವರ್ಗಕ್ಕೆ ಸೇರುತ್ತದೆ. ನಾಲ್ಕನೆಯ ವರ್ಗವು ನೀರಿನ ಭಾಗವೇ ಆದುದರಿಂದ ಮನೆ ಕಟ್ಟುವವರಿಗೆ ಸಂಬಂಧಿಸಿದ್ದಲ್ಲ. ಸಾಮಾನ್ಯ ಅರ್ಜಿದಾರರಿಗೆ ಬೇಕಾದದ್ದು ಎರಡು ಮತ್ತು ಮೂರನೆಯ ವರ್ಗಗಳು.

ಸಿ.ಆರ್.ಝಡ್.-2 ಎಂದರೆ ನಗರ ವ್ಯಾಪ್ತಿಯಲ್ಲಿದ್ದು ಈಗಾಗಲೇ ಅಭಿವೃದ್ಧಿಗೊಂಡ ಪ್ರದೇಶ. ಒಟ್ಟು ನಿವೇಶನಗಳ ಪೈಕಿ ಶೇಕಡ 50ಕ್ಕಿಂತ ಹೆಚ್ಚಿನವುಗಳಲ್ಲಿ ಕಟ್ಟಡಗಳಿದ್ದು ರಸ್ತೆ, ನೀರು ಸರಬರಾಜು, ಚರಂಡಿ ಮೊದಲಾದ ಸೌಕರ್ಯಗಳು ಇರತಕ್ಕದ್ದು. ಮಹಾನಗರಪಾಲಿಕೆಯ ಗಡಿಯೊಳಗೆ ಇದ್ದ ಮಾತ್ರಕ್ಕೆ ಜಾಗವು ತಾನಾಗಿ ಈ ವರ್ಗಕ್ಕೆ ಸೇರುವುದಿಲ್ಲ, ನಕ್ಷೆಯಲ್ಲಿ ಹಾಗೆ ಗುರುತಿಸಿರಬೇಕು. ಇಲ್ಲಿ ಕಟ್ಟಡವು ಈಗಾಗಲೇ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಭೂಮಿಯ ಕಡೆಯ ಬದಿಯಲ್ಲಿ ಇರಬೇಕು. ಇರುವ ರಸ್ತೆಗಿಂತ ಸಮುದ್ರದ ಕಡೆಗೆ ಹೊಸ ರಸ್ತೆ ಮಾಡಿ, ಆ ರಸ್ತೆಯ ಒಳಬದಿಗೆ ಮನೆ ಕಟ್ಟುತ್ತೇವೆಂದರೆ ಅನುಮತಿ ದೊರೆಯದು. 2011ರ ನಿಯಮದಲ್ಲಿ ನೆಲವಿಸ್ತೀರ್ಣ ಅನುಪಾತವನ್ನು 1991ರ ಮಟ್ಟದಲ್ಲಿ ಕಟ್ಟಿಹಾಕಲಾಗಿತ್ತು. 2019ರ ಅಧಿಸೂಚನೆಯು ಅದನ್ನು ಸಡಿಲಿಸಿ, ಅಧಿಸೂಚನೆಯ ದಿನ ಸ್ಥಳೀಯವಾಗಿ ಜಾರಿಯಲ್ಲಿದ್ದ ಅನುಪಾತವನ್ನು ಒಪ್ಪಿತು. ಅನಂತರ ಅದನ್ನು ಹೆಚ್ಚಿಸಬೇಕಾದಲ್ಲಿ ಪ್ರಸ್ತಾವನೆಯು ಕೇಂದ್ರಕ್ಕೆ ಹೋಗಬೇಕು. ಒಳನಾಡಿನ ನಗರಕ್ಕೆ ಈ ಕಟ್ಟು ಇಲ್ಲ.

ಸಿ.ಆರ್.ಝಡ್.-3 ಎಂಬುದು ಗ್ರಾಮೀಣ ಮತ್ತು ಹೆಚ್ಚು ಅಭಿವೃದ್ಧಿಯಾಗದ ಪ್ರದೇಶ. 2019ರಲ್ಲಿ ಇದನ್ನು ಎರಡು ಭಾಗ ಮಾಡಲಾಗಿದೆ. 2011ರ ಜನಗಣತಿಯಂತೆ ಪ್ರತಿ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆ ಇರುವಲ್ಲಿ 3-ಎ, ಅದಕ್ಕಿಂತ ಕಡಿಮೆ ಇರುವಲ್ಲಿ 3-ಬಿ. ಸಮುದ್ರದ ಮುಂಭಾಗದಲ್ಲಿ 3-ಎ ಪ್ರದೇಶಕ್ಕೆ ಅಭಿವೃದ್ಧಿ ನಿಷೇಧಿತ ವಲಯ 50 ಮೀಟರ್, 3-ಬಿ ಪ್ರದೇಶಕ್ಕೆ 200 ಮೀಟರ್. ಅಕ್ಕಪಕ್ಕದ ಎರಡು ಗ್ರಾಮಗಳಲ್ಲಿ, ಒಂದೇ ಅಲೆಯ ಎದುರು, ಒಬ್ಬರಿಗೆ 50 ಇನ್ನೊಬ್ಬರಿಗೆ 200 ಎಂಬುದು ಅರ್ಜಿದಾರರಿಗೆ ಅನ್ಯಾಯವೆಂದು ತೋರಬಹುದು. ಕಛೇರಿಯು ಅದನ್ನು ಬದಲಾಯಿಸುವಂತಿಲ್ಲ. ನಿಷೇಧಿತ ವಲಯದಿಂದ 500 ಮೀಟರ್‌ವರೆಗಿನ ಪಟ್ಟಿಯಲ್ಲಿ ಸಾಂಪ್ರದಾಯಿಕ ಹಕ್ಕು ಹಾಗೂ ರೂಢಿಯ ಬಳಕೆಗೆ ಒಳಪಟ್ಟ ವಾಸದ ಮನೆಗಳಿಗೆ ಅವಕಾಶವಿದ್ದು, ಎತ್ತರವು 9 ಮೀಟರನ್ನು ಮತ್ತು ನೆಲ ಅಂತಸ್ತು ಹಾಗೂ ಮೇಲಿನ ಒಂದು ಅಂತಸ್ತನ್ನು ಮೀರುವಂತಿಲ್ಲ. ಉಬ್ಬರ ಏರುವ ನದಿಗಳ ದಂಡೆಯಲ್ಲಿ ಈ ವರ್ಗದ ಪೂರ್ಣ ಪಟ್ಟಿಯೇ ನಿಷೇಧಿತ ವಲಯ.

ನಿಷೇಧಿತ ವಲಯದೊಳಗೆ ಈಗಾಗಲೇ ಇರುವ ಅಧಿಕೃತ ಮನೆಯನ್ನು ದುರಸ್ತಿ ಮಾಡಲು ಅಥವಾ ಇದ್ದ ತಳಪಾಯ ಮತ್ತು ವಿಸ್ತೀರ್ಣವನ್ನು ಮೀರದಂತೆ ಪುನರ್ನಿರ್ಮಿಸಲು ಅವಕಾಶವಿದೆ. ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ವಾಸದ ಮನೆಗಳಿಗೆ ಷರತ್ತುಬದ್ಧ ವಿನಾಯಿತಿ ಇದೆ. ಈ ವಿನಾಯಿತಿಯು ಆ ಸಮುದಾಯಗಳ ಬದುಕಿಗಾಗಿ ಇರುವಂಥದ್ದು. ಮೀನುಗಾರರ ಹಳೆಯ ಮನೆಯನ್ನು ಹೊರಗಿನವರು ಕೊಂಡು ಅಲ್ಲಿ ರೆಸಾರ್ಟ್ ಕಟ್ಟಲು ಇದನ್ನು ಆಧಾರವಾಗಿ ತೋರಿಸಲಾಗದು. ಸ್ಥಳೀಯರು ತಮ್ಮ ಮನೆಯ ತಳಪಾಯ, ವಿನ್ಯಾಸ ಬದಲಾಯಿಸದೆ ಹೋಂಸ್ಟೇ ನಡೆಸಲು ಅಧಿಸೂಚನೆಯಲ್ಲಿಯೇ ಅವಕಾಶ ಕಲ್ಪಿಸಲಾಗಿದೆ.

ಅರ್ಜಿ ಸಾಗುವ ದಾರಿ

ಒಳನಾಡಿನ ನಗರದಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆ ಅಥವಾ ಏಕನಿವೇಶನ ಅನುಮೋದನೆ, ತದನಂತರ ಸ್ಥಳೀಯ ಸಂಸ್ಥೆಯ ಪರವಾನಗಿ ಎಂಬ ಕ್ರಮವಿದೆ. ಕಡಲತೀರದಲ್ಲಿ ಇದಕ್ಕೆ ಮೊದಲು ಸಿ.ಆರ್.ಝಡ್. ಸ್ಥಿತಿ ನಿರ್ಧಾರವಾಗಬೇಕು. ಅರಣ್ಯ, ಪರಿಸರ ಮತ್ತು ಜೀವಿಶಾಸ್ತ್ರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಛೇರಿಯಲ್ಲಿ ಸರ್ವೆ ನಂಬರ್‌ವಾರು ನಕ್ಷೆಯನ್ನು ಪರಿಶೀಲಿಸಲಾಗುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಯೂ, ಅದರ ಮೇಲೆ ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರವೂ ಇವೆ.

ಸ್ವಂತ ವಾಸಕ್ಕಾಗಿ ಕಟ್ಟುವ, ಒಟ್ಟು ನಿರ್ಮಿತ ವಿಸ್ತೀರ್ಣ 300 ಚದರ ಮೀಟರ್ ಮೀರದ ಮನೆಗೆ ರಾಜ್ಯ ಪ್ರಾಧಿಕಾರದ ಶಿಫಾರಸು ಬೇಕಾಗಿಲ್ಲ. ಸ್ಥಳೀಯ ಸಂಸ್ಥೆಯೇ ಅನುಮೋದಿಸಬಹುದು. ಇದನ್ನು ಸಿ.ಆರ್.ಝಡ್. ನಿಯಮದಿಂದಲೇ ವಿನಾಯಿತಿ ಎಂದು ಓದಿಕೊಳ್ಳುವವರು ಇದ್ದಾರೆ. ಹಾಗಲ್ಲ. ಸ್ಥಳೀಯ ಸಂಸ್ಥೆಯು ಅನುಮೋದಿಸುವ ಮುನ್ನ ಪ್ರಸ್ತಾವನೆಯನ್ನು ಸಿ.ಆರ್.ಝಡ್. ಅಧಿಸೂಚನೆಯ ದೃಷ್ಟಿಯಿಂದ ಪರಿಶೀಲಿಸಲೇಬೇಕು. ನಿಷೇಧಿತ ವಲಯದಲ್ಲಿರುವ ಮನೆಯು 300 ಚದರ ಮೀಟರಿಗಿಂತ ಚಿಕ್ಕದೆಂಬ ಕಾರಣಕ್ಕೆ ಸಕ್ರಮವಾಗುವುದಿಲ್ಲ. ದೊಡ್ಡ ಯೋಜನೆಗಳಿಗೆ ಅಧಿಕೃತ ಸಂಸ್ಥೆಯೊಂದು 1:4000 ಪ್ರಮಾಣದಲ್ಲಿ ಸಿದ್ಧಪಡಿಸಿದ, ಉಬ್ಬರ ಹಾಗೂ ಇಳಿತ ರೇಖೆಗಳನ್ನು ತೋರಿಸುವ ನಕ್ಷೆ ಅಗತ್ಯ.

ಸ್ಥಳೀಯ ಪರವಾನಗಿ ಇದ್ದೂ ಸಾಲದಾದ ಪ್ರಕರಣ

ಕೇರಳದ ಕೊಚ್ಚಿ ಬಳಿಯ ಮರಡುವಿನಲ್ಲಿ ಹಿನ್ನೀರಿನ ದಂಡೆಯ ಮೇಲೆ ಕಟ್ಟಿದ್ದ ನಾಲ್ಕು ವಸತಿ ಸಮುಚ್ಚಯಗಳಿಗೆ 2006ರಲ್ಲಿ ಆಗಿನ ಗ್ರಾಮ ಪಂಚಾಯಿತಿಯ ಪರವಾನಗಿ ಇತ್ತು. ಕರಾವಳಿ ವಲಯ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. ಊರು 2010ರಲ್ಲಿ ನಗರಸಭೆಯಾಯಿತು, ಕಟ್ಟಡಗಳು ಎದ್ದವು, ಕುಟುಂಬಗಳು ವಾಸಕ್ಕೆ ಬಂದವು. ದಿನಾಂಕ 08-05-2019ರಂದು ಸರ್ವೋಚ್ಚ ನ್ಯಾಯಾಲಯವು ಅವುಗಳನ್ನು ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕನ್ನೂ ಸ್ಫೋಟಕ ಬಳಸಿ ನೆಲಸಮ ಮಾಡಲಾಯಿತು. ಫ್ಲ್ಯಾಟ್ ಮಾಲೀಕರಿಗೆ ತಲಾ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ನೀಡುವಂತೆ ನ್ಯಾಯಾಲಯ ಸೂಚಿಸಿತ್ತು. ಕೊಂಡವರಲ್ಲಿ ಬಹುಪಾಲು ಜನ ನಂಬಿದ್ದು ಸ್ಥಳೀಯ ಸಂಸ್ಥೆಯ ಮೊಹರನ್ನು. ಅಲ್ಲಿಯೂ ಎದುರಿಗಿದ್ದದ್ದು ತೆರೆದ ಸಮುದ್ರವಲ್ಲ, ಹಿನ್ನೀರು ಎಂಬುದನ್ನು ಕರ್ನಾಟಕದ ನದಿ ದಂಡೆಯ ಅರ್ಜಿದಾರರು ಗಮನಿಸಬೇಕು.

ಪರಿಸರ (ಸಂರಕ್ಷಣೆ) ಅಧಿನಿಯಮದಡಿ ಉಲ್ಲಂಘನೆಗೆ ಮೊದಲಿದ್ದ ಕಾರಾವಾಸದ ಬದಲು, ಜನ ವಿಶ್ವಾಸ ಅಧಿನಿಯಮ, 2023ರ ತಿದ್ದುಪಡಿಯಂತೆ ದಿನಾಂಕ 01-04-2024ರಿಂದ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ದಂಡ ಪಾವತಿಸಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ.

ಮುಂಗಡ ನೀಡುವ ಮುನ್ನ

ಕರಾವಳಿ ಜಿಲ್ಲೆಯಲ್ಲಿ ನಿವೇಶನಕ್ಕೆ ಮುಂಗಡ ನೀಡುವ ಮೊದಲೇ ಸರ್ವೆ ನಂಬರ್, ಪಹಣಿ ಮತ್ತು ಭೂಮಾಪನ ನಕ್ಷೆಯೊಂದಿಗೆ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಛೇರಿಗೆ ಲಿಖಿತ ಮನವಿ ಸಲ್ಲಿಸಿ, ನಿವೇಶನವು ಯಾವ ವರ್ಗದಲ್ಲಿದೆ, ಉಬ್ಬರ ರೇಖೆಯಿಂದ ಎಷ್ಟು ದೂರದಲ್ಲಿದೆ ಎಂಬ ಬಗ್ಗೆ ಲಿಖಿತ ಉತ್ತರ ಪಡೆಯುವುದು ಸೂಕ್ತ. ಸರ್ವೆ ನಂಬರ್ ದೊಡ್ಡದಿದ್ದು ಅದರ ಒಂದು ಭಾಗವನ್ನು ಮಾತ್ರ ಕೊಳ್ಳುವುದಾದಲ್ಲಿ 11-ಇ ನಕ್ಷೆಯನ್ನೂ ಲಗತ್ತಿಸಬೇಕು. ಒಂದೇ ಸರ್ವೆ ನಂಬರಿನ ಪೂರ್ವಭಾಗವು ವಲಯದ ಹೊರಗೂ ಪಶ್ಚಿಮಭಾಗವು ಒಳಗೂ ಇರುವುದು ಕರಾವಳಿಯಲ್ಲಿ ಸಾಮಾನ್ಯ. ನೆರೆಯವರಿಗೆ ಪರವಾನಗಿ ಸಿಕ್ಕಿದೆ ಎಂಬುದು ಆಧಾರವಾಗುವುದಿಲ್ಲ. ಅವರ ಮನೆ 1991ಕ್ಕಿಂತ ಹಿಂದಿನದಿರಬಹುದು, ಅಥವಾ ರೇಖೆಯು ಎರಡೂ ಮನೆಗಳ ನಡುವಿನ ಬೇಲಿಯಲ್ಲಿಯೇ ಹಾದುಹೋಗಿರಬಹುದು.